ನೀರಿದ್ದಷ್ಟು ಪಾತಿ: ಬರದ ಸೀಮೆಯಲ್ಲಿ ಹಿತ್ತಲ ತರಕಾರಿ

‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆಯನ್ನು ನಾವು ಹತ್ತಿರದಲ್ಲಿರುವುದರ ಬೆಲೆ ತಿಳಿಯದವರ ಬಗ್ಗೆ ಬಳಸುತ್ತೇವೆ. ಆದರೆ ಈ ಗಾದೆ ಹುಟ್ಟಬೇಕಾದರೆ ಪ್ರತಿ ಮನೆಗೂ ಒಂದು ಹಿತ್ತಲಿದ್ದಿರಬೇಕು, ಅದರಲ್ಲಿ ಹೆಸರು ಹಿಡಿದು ಕರೆಯಬಹುದಾದ ನಾಲ್ಕಾರು ಗಿಡಗಳಿದ್ದಿರಬೇಕು ಎಂಬುದನ್ನು ಮರೆತುಬಿಡುತ್ತೇವೆ. ಇಂದು ಹಳ್ಳಿಗಳಲ್ಲೂ ಸೊಪ್ಪು, ಬದನೆ, ಟೊಮ್ಯಾಟೊ, ಕೊನೆಗೆ ಒಂದು ಎಸಳು ಕರಿಬೇವು ಕೂಡ ಸಂತೆಯಿಂದಲೋ ದ್ವಿಚಕ್ರ ವಾಹನದಲ್ಲಿ ತರಕಾರಿ ಹೊತ್ತು ಬರುವವರಿಂದಲೋ ಮನೆ ಸೇರುತ್ತಿದೆ. ಬೇಸಾಯವನ್ನೇ ನಂಬಿದ ಊರುಗಳಲ್ಲಿ ಹೀಗೇಕಾಯಿತು? ಮತ್ತೆ ಹಿತ್ತಲಲ್ಲಿ ತರಕಾರಿ ಬೆಳೆಯಬೇಕೆಂದರೆ ಎಲ್ಲಿಂದ ಶುರು ಮಾಡಬೇಕು? ಈ ಎರಡು ಪ್ರಶ್ನೆಗಳಿಗೂ ಉತ್ತರ ಒಂದೇ ಕಡೆ ಇದೆ. ಅದು ನೀರು.

ತುಮಕೂರು ಜಿಲ್ಲೆಯ ಶಿರಾ ತಾಲ್ಲೂಕಿನ ಬರಗೂರು ಸಾಹಿತಿ ಬರಗೂರು ರಾಮಚಂದ್ರಪ್ಪನವರಿಂದಾಗಿ ನಾಡಿಗೆಲ್ಲ ಪರಿಚಿತವಾದ ಹೆಸರು. ಆ ಹೆಸರು ಕೇಳಿದರೆ ಬರಗು ಎಂಬ ಕಿರುಧಾನ್ಯವೂ ನೆನಪಾಗುತ್ತದೆ, ಬರವೂ ನೆನಪಾಗುತ್ತದೆ. ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳನ್ನು ಕೃಷಿ ವಿಜ್ಞಾನಿಗಳು ರಾಜ್ಯದ ‘ಮಧ್ಯ ಒಣ ವಲಯ’ದಲ್ಲಿ ಸೇರಿಸಿದ್ದಾರೆ. ಈ ವಲಯದಲ್ಲಿ ಬೀಳುವ ಮಳೆ ವರ್ಷಕ್ಕೆ ಸುಮಾರು 450ರಿಂದ 700 ಮಿಲಿಮೀಟರ್. ಅದರಲ್ಲೂ ಹೆಚ್ಚಿನ ಪಾಲು ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳದು. ಕೆಂಪು ಮರಳುಮಿಶ್ರಿತ ನೆಲ, ಮೇಲೆದ್ದ ಬಂಡೆಗಳು, ಮಳೆ ನಂಬಿ ಬಿತ್ತಿದ ಕಡಲೆಕಾಯಿ ಮತ್ತು ರಾಗಿ. ಇಂಥ ಸೀಮೆಯಲ್ಲಿ ಕೈತೋಟದ ಮಾತೇ ಎಂದು ಕೆಲವರಿಗೆ ಅನ್ನಿಸಬಹುದು. ಆದರೆ ಈ ಸೀಮೆಯ ಚರಿತ್ರೆ ಬೇರೆಯದನ್ನೇ ಹೇಳುತ್ತದೆ.

ತಲಪರಿಗೆಯ ಪಾಠ

ಬಿ.ಎಲ್. ರೈಸ್ ಅವರ ಮೈಸೂರು ಗೆಜೆಟಿಯರ್‌ನಲ್ಲಿ ತುಮಕೂರು ಜಿಲ್ಲೆಯ ಈಶಾನ್ಯ ಭಾಗದ ಒಂದು ವಿಶೇಷವನ್ನು ದಾಖಲಿಸಲಾಗಿದೆ. ಅದೇ ತಲಪರಿಗೆ. ಹಳ್ಳದ ಮರಳಿನಲ್ಲಿ, ಕೆರೆಯ ಅಂಗಳದಲ್ಲಿ, ಸ್ವಲ್ಪವೇ ಆಳಕ್ಕೆ ತೋಡಿದರೆ ನೀರು ಜಿನುಗುವ ಸೆಲೆಗಳಿಗೆ ಈ ಹೆಸರು. ಇವು ಹೆಚ್ಚಾಗಿ ಕಂಡುಬರುವುದು ಮೇಲೆ ಹೇಳಿದ ಇದೇ ನಾಲ್ಕು ತಾಲ್ಲೂಕುಗಳಲ್ಲಿ. ಸೆಲೆಯ ನೀರನ್ನು ಸಣ್ಣ ಕಾಲುವೆಯಲ್ಲಿ ಇಳಿಜಾರಿಗೆ ಹರಿಸಿ, ಕಟ್ಟೆಯಲ್ಲಿ ತುಂಬಿಸಿಕೊಂಡು, ಹಗಲು ಹೊಲ ತೋಟಗಳಿಗೆ ಸರದಿಯ ಪ್ರಕಾರ ಬಿಡುತ್ತಿದ್ದರು. ಯಾರ ಸರದಿ ಯಾವಾಗ ಎಂಬುದನ್ನು ನೋಡಿಕೊಳ್ಳಲು ನೀರುಗಂಟಿ ಇರುತ್ತಿದ್ದ. ಎತ್ತರದ ನೆಲಕ್ಕೆ ಏತ ಇತ್ತು, ಬಾವಿ ಇದ್ದಲ್ಲಿ ಎತ್ತಿನ ಕಪಿಲೆ ಇತ್ತು.

ಈ ವ್ಯವಸ್ಥೆಯಲ್ಲಿ ಗಮನಿಸಬೇಕಾದದ್ದು ನೀರಿನ ಪ್ರಮಾಣವನ್ನಲ್ಲ, ಲೆಕ್ಕವನ್ನು. ಸೆಲೆ ಎಷ್ಟು ಜಿನುಗುತ್ತದೋ ಅಷ್ಟಕ್ಕೇ ಬೆಳೆ. ಈ ವರ್ಷ ಸೆಲೆ ಸಣ್ಣದಾದರೆ ಮಡಿಗಳ ಸಂಖ್ಯೆಯೂ ಕಡಿಮೆ. ಮೊದಲು ಬೀಜ ತಂದು ಆಮೇಲೆ ನೀರು ಹುಡುಕುವ ಪದ್ಧತಿ ಅಲ್ಲಿ ಇರಲಿಲ್ಲ. ಕೊಳವೆಬಾವಿ ಬಂದ ಮೇಲೆ ಈ ಕ್ರಮ ತಿರುಗುಮುರುಗಾಯಿತು. ಆಳದ ನೀರನ್ನು ಯಂತ್ರ ಮೇಲೆತ್ತತೊಡಗಿದಂತೆ ಮೇಲಿನ ಸೆಲೆಗಳು ಬತ್ತಿದವು, ಮರಳು ತೆಗೆದ ಹಳ್ಳಗಳಲ್ಲಿ ಸೆಲೆ ನಿಲ್ಲಲೂ ಜಾಗ ಉಳಿಯಲಿಲ್ಲ. ಅಂತರ್ಜಲ ಅತಿಯಾಗಿ ಬಳಕೆಯಾದ ತಾಲ್ಲೂಕುಗಳ ಪಟ್ಟಿಯಲ್ಲಿ ಈ ಭಾಗದ ಹೆಸರುಗಳು ಪದೇ ಪದೇ ಕಾಣಿಸಿಕೊಳ್ಳುತ್ತಿರುವುದು ಇದರ ಫಲ.

ಶಾಸ್ತ್ರದಲ್ಲೂ ಹಿತ್ತಲು

ಸಸ್ಯ, ನೀರು ಮತ್ತು ಅಡುಗೆ ಮೂರನ್ನೂ ಒಂದೇ ಕಡೆ ಕಟ್ಟಿಕೊಟ್ಟ ಪುಸ್ತಕ ಕನ್ನಡದಲ್ಲಿ ಸಾವಿರ ವರ್ಷಗಳ ಹಿಂದೆಯೇ ಇತ್ತು. ಚಾಲುಕ್ಯರ ಕಾಲದ ಇಮ್ಮಡಿ ಚಾವುಂಡರಾಯ ಕ್ರಿ.ಶ. 1025ರ ಸುಮಾರಿಗೆ ಬರೆದ ‘ಲೋಕೋಪಕಾರ’ದಲ್ಲಿ ನೆಲದಡಿಯ ನೀರು ಗುರುತಿಸುವ ಬಗೆ, ಗಿಡಮರಗಳನ್ನು ಬೆಳೆಸಿ ಅವುಗಳ ರೋಗ ನೀಗುವ ವೃಕ್ಷಾಯುರ್ವೇದ ಮತ್ತು ಪಾಕಶಾಸ್ತ್ರ ಬೇರೆ ಬೇರೆ ಅಧ್ಯಾಯಗಳಾಗಿ ಬರುತ್ತವೆ. ಹೆಸರೇ ಹೇಳುವಂತೆ ಅದು ಜನಬಳಕೆಯ ಪುಸ್ತಕ. ಹದಿನಾರನೇ ಶತಮಾನದ ಆರಂಭದ ಮೂರನೇ ಮಂಗರಸ ತನ್ನ ‘ಸೂಪಶಾಸ್ತ್ರ’ದಲ್ಲಿ ಬದನೆಕಾಯಿಯ ಅಡುಗೆಗಳಿಗೆ ವಿಶೇಷ ಸ್ಥಾನ ಕೊಟ್ಟಿದ್ದಾನೆ. ಈ ಎರಡು ಪುಸ್ತಕಗಳ ಅಡುಗೆಮನೆಯಲ್ಲಿ ಇಂದಿನ ಓದುಗರಿಗೆ ಎದ್ದು ಕಾಣುವ ಒಂದು ಕೊರತೆಯಿದೆ: ಮೆಣಸಿನಕಾಯಿ ಇಲ್ಲ, ಟೊಮ್ಯಾಟೊ ಇಲ್ಲ, ಆಲೂಗಡ್ಡೆ ಇಲ್ಲ.

ಕಾರಣ ಸರಳ. ಇವೆಲ್ಲ ಅಮೆರಿಕ ಖಂಡದ ಬೆಳೆಗಳು. ಪೋರ್ಚುಗೀಸರ ಹಡಗುಗಳ ಮೂಲಕ ಮೆಣಸಿನಕಾಯಿ ನಮ್ಮ ಕರಾವಳಿಗೆ ಬಂದದ್ದು ಹದಿನಾರನೇ ಶತಮಾನದಲ್ಲಿ. ಖಾರಕ್ಕೆ ನಾವು ಆವರೆಗೆ ಬಳಸುತ್ತಿದ್ದದ್ದು ಮೆಣಸು. ಹೊಸ ಕಾಯಿಗೆ ಅದೇ ಹೆಸರು ಅಂಟಿ ‘ಮೆಣಸಿನಕಾಯಿ’ ಆಯಿತು. ಪರಂಗಿ ಹಣ್ಣಿನ ‘ಪರಂಗಿ’ ಎಂದರೆ ವಿದೇಶಿ. ‘ಸೀಮೆಬದನೆ’ಯ ಸೀಮೆಯೂ ಹೊರಗಿನದೇ. ಬೆಂಗಳೂರಿನ ಲಾಲ್‌ಬಾಗ್ ಮೂಲಕ ಹರಡಿದ ಈ ಕಾಯಿಯನ್ನು ತಮಿಳರೂ ತೆಲುಗರೂ ಇಂದಿಗೂ ‘ಬೆಂಗಳೂರು ಬದನೆ’ ಎಂದೇ ಕರೆಯುತ್ತಾರೆ. ಸಿಹಿಗುಂಬಳ, ಹುರುಳಿಕಾಯಿ, ಸೀಬೆ ಮತ್ತು ಪಾವಗಡ ಶಿರಾಗಳ ಮುಖ್ಯ ಬೆಳೆಯಾದ ಕಡಲೆಕಾಯಿ ಕೂಡ ಅದೇ ದಾರಿಯಲ್ಲಿ ಬಂದ ನೆಂಟರು. ಬದನೆ, ಅವರೆ, ತೊಂಡೆ, ಪಡವಲ, ಹೀರೆ, ಬಸಳೆ, ನುಗ್ಗೆ ಇವು ಈ ನೆಲಕ್ಕೆ ಹಳೆಯವು. ಹಿತ್ತಲಿನ ಬೇಲಿ ಬಂದವರನ್ನು ಹೊರಗಿಟ್ಟಿಲ್ಲ. ನಾಲ್ಕು ತಲೆಮಾರು ಬೆಳೆದರೆ ಪರದೇಶದ ಗಿಡವೂ ‘ನಾಟಿ’ ಎನ್ನಿಸಿಕೊಳ್ಳುತ್ತದೆ.

ಇದೇ ಶಿರಾಕ್ಕೆ ತೋಟದ ಇನ್ನೊಂದು ಹೆಮ್ಮೆಯೂ ಉಂಟು. 1687ರಲ್ಲಿ ಮೊಗಲರ ವಶವಾಗಿ ಸುಭಾದ ಕೇಂದ್ರವಾದ ಶಿರಾದಲ್ಲಿ ಖಾನ್ ಬಾಗ್ ಎಂಬ ತೋಟವಿತ್ತು. 1760ರಲ್ಲಿ ಹೈದರಾಲಿ ಆರಂಭಿಸಿದ ಲಾಲ್‌ಬಾಗಿಗೆ ಅದೇ ಮಾದರಿಯಾಯಿತೆಂದು ಹೇಳುವುದುಂಟು. ಬೆಂಗಳೂರಿನ ಸಸ್ಯಕಾಶಿಯ ಬೇರು ಈ ಒಣ ಸೀಮೆಯಲ್ಲಿರುವುದು ಎಷ್ಟು ಜನಕ್ಕೆ ಗೊತ್ತು? 1800ರಲ್ಲಿ ಈ ಭಾಗದಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಮೈಸೂರು ಸೀಮೆಯ ತೋಟಗಳನ್ನು ತರಕಾರಿ ತೋಟ, ತೆಂಗಿನ ತೋಟ, ಎಲೆ ತೋಟ, ಹೂವಿನ ತೋಟ ಎಂದು ವಿಂಗಡಿಸಿದ್ದಾನೆ. ತರಕಾರಿ ಬೆಳೆಯುವುದರಲ್ಲಿ ತಿಗಳರಿಗಿದ್ದ ನೈಪುಣ್ಯವೂ ಅವನ ಬರಹದಲ್ಲಿ ಕಾಣುತ್ತದೆ. ಆದರೆ ಬುಕಾನನ್‌ನಂಥ ಅಧಿಕಾರಿ ಲೆಕ್ಕವಿಟ್ಟದ್ದು ಕಂದಾಯ ಬರುವ ತೋಟಗಳನ್ನು. ಬಚ್ಚಲಿನ ಹಿಂದೆ ಹೆಂಗಸರು ಬೆಳೆಸುತ್ತಿದ್ದ ನಾಲ್ಕು ಪಾತಿಗಳಿಗೆ ಕಂದಾಯವಿರಲಿಲ್ಲ, ಆದ್ದರಿಂದ ದಾಖಲೆಯೂ ಇಲ್ಲ.

ಎರಡನೇ ಮಹಾಯುದ್ಧದ ಹೊತ್ತಿಗೆ ಮನೆಯ ತೋಟ ಸರ್ಕಾರಗಳ ಗಮನಕ್ಕೆ ಬಂತು. ಬ್ರಿಟನ್, ಅಮೆರಿಕಗಳಲ್ಲಿ ಮನೆಯಂಗಳದ ಹುಲ್ಲುಹಾಸನ್ನೇ ಅಗೆದು ತರಕಾರಿ ಬೆಳೆಯಲು ಸರ್ಕಾರಗಳು ಕರೆಕೊಟ್ಟವು. ನಮ್ಮಲ್ಲೂ 1940ರ ದಶಕದಲ್ಲಿ ‘ಹೆಚ್ಚು ಆಹಾರ ಬೆಳೆಯಿರಿ’ ಚಳವಳಿ ನಡೆಯಿತು. ಸ್ವಾತಂತ್ರ್ಯಾನಂತರ ತೋಟಗಾರಿಕೆಯನ್ನು ಜನರ ಬಳಿಗೆ ಒಯ್ದವರಲ್ಲಿ ಲಾಲ್‌ಬಾಗಿನ ಡಾ. ಎಂ.ಎಚ್. ಮರಿಗೌಡರ ಹೆಸರು ದೊಡ್ಡದು. 1967ರಲ್ಲಿ ಆರಂಭವಾಗಿ ಹೆಸರಘಟ್ಟದಲ್ಲಿ ನೆಲೆಗೊಂಡ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ‘ಅರ್ಕಾ’ ಹೆಸರಿನ ತಳಿಗಳನ್ನು ಹೊರತಂದಿತು. ತುಮಕೂರಿನ ಬಳಿಯ ಹಿರೇಹಳ್ಳಿಯಲ್ಲಿ ಅದರ ಕೇಂದ್ರವೂ ಇದೆ.

ಹಿತ್ತಲು ಬರಿದಾದದ್ದು ಹೇಗೆ?

ಹಳೆಯ ಮನೆಯ ಕ್ರಮವನ್ನು ನೆನೆಸಿಕೊಳ್ಳಿ. ಮುಂದೆ ಜಗುಲಿ, ನಂತರ ನಡುಮನೆ, ಅಡುಗೆಮನೆ, ಅದರ ಪಕ್ಕ ಬಚ್ಚಲು, ಬಚ್ಚಲ ಹಿಂದೆ ಹಿತ್ತಲು. ಬಚ್ಚಲಿನ ಮೋರಿ ನೇರವಾಗಿ ಹಿತ್ತಲಿಗೆ ತೆರೆಯುತ್ತಿತ್ತು. ಮೋರಿಯ ಬಾಯಲ್ಲಿ ಕೆಸುವು, ಬಾಳೆ. ಆಚೆಗೆ ಹೀರೆ, ಪಡವಲದ ಚಪ್ಪರ. ಒಲೆಯ ಬೂದಿ ಗಿಡದ ಬುಡಕ್ಕೆ. ಸಗಣಿ, ಕಸಕಡ್ಡಿ ತಿಪ್ಪೆಗೆ. ತಿಪ್ಪೆಯ ಮೇಲೆ ತಾನಾಗಿ ಹುಟ್ಟಿದ ಕುಂಬಳದ ಬಳ್ಳಿ. ಮನೆಯಿಂದ ಹೊರಹೋಗುವುದೆಲ್ಲ ಹಿತ್ತಲಲ್ಲಿ ತಂಗಿ ಮತ್ತೆ ಅಡುಗೆಮನೆಗೇ ಬರುತ್ತಿತ್ತು.

ಈ ಸರಪಳಿಯ ಒಂದೊಂದೇ ಕೊಂಡಿ ಕಳಚಿತು. ಬಚ್ಚಲ ನೀರು ಬೀದಿಯ ಸಿಮೆಂಟು ಚರಂಡಿಗೆ ಹೋಯಿತು. ಗ್ಯಾಸ್ ಒಲೆ ಬಂದಿತು, ಬೂದಿ ನಿಂತಿತು. ದನಗಳು ಕಡಿಮೆಯಾದವು, ಗೊಬ್ಬರ ಕಡಿಮೆಯಾಯಿತು. ಅಣ್ಣತಮ್ಮಂದಿರು ಪಾಲಾದಾಗ ಹಿತ್ತಲಲ್ಲೇ ಹೊಸ ಮನೆ ಎದ್ದಿತು. ಇವುಗಳಲ್ಲಿ ಹೆಚ್ಚಿನವು ಒಳ್ಳೆಯ ಬದಲಾವಣೆಗಳೇ. ಹೊಗೆಯಿಲ್ಲದ ಒಲೆಯನ್ನೋ ಚರಂಡಿಯನ್ನೋ ಬೇಡವೆನ್ನಲು ಯಾರಿಂದಲೂ ಆಗದು. ಆದರೆ ಇವುಗಳ ಜೊತೆಗೆ ಹೋದದ್ದೇನು ಎಂಬುದನ್ನು ಯಾರೂ ಲೆಕ್ಕ ಹಾಕಲಿಲ್ಲ.

ಮೊದಲು ನೀರಿನ ಲೆಕ್ಕ

ಈಗ ಕೆಲಸದ ಮಾತಿಗೆ ಬರೋಣ. ತೋಟದ ನಕ್ಷೆ ಬರೆಯುವ ಮೊದಲು ಬಕೆಟ್ ಎಣಿಸಬೇಕು.

ನಾಲ್ಕಡಿ ಅಗಲ, ಹತ್ತಡಿ ಉದ್ದದ ಒಂದು ಪಾತಿ ಎಂದರೆ ಸುಮಾರು 3.7 ಚದರ ಮೀಟರ್. ಬೇಸಿಗೆಯಲ್ಲಿ ತರಕಾರಿ ಬೆಳೆ ಮತ್ತು ನೆಲ ಸೇರಿ ದಿನಕ್ಕೆ ಸುಮಾರು ಐದು ಮಿಲಿಮೀಟರ್ ನೀರನ್ನು ಆವಿ ಮಾಡುತ್ತವೆ ಎಂದಿಟ್ಟುಕೊಳ್ಳಿ. ಒಂದು ಮಿಲಿಮೀಟರ್ ಎಂದರೆ ಚದರ ಮೀಟರಿಗೆ ಒಂದು ಲೀಟರ್. ಅಂದರೆ ಒಂದು ಪಾತಿಗೆ ದಿನಕ್ಕೆ 18ರಿಂದ 19 ಲೀಟರ್, ಒಂದು ದೊಡ್ಡ ಬಕೆಟ್. ಚಳಿಗಾಲದಲ್ಲಿ ಮೂರು ಮಿಲಿಮೀಟರ್ ಸಾಕೆಂದರೆ ಹನ್ನೊಂದು ಲೀಟರ್.

ನಾಲ್ಕು ಜನರ ಮನೆಯಲ್ಲಿ ತಲೆಗೊಂದು ಬಕೆಟ್ ಸ್ನಾನದ ನೀರು, ಪಾತ್ರೆ, ತರಕಾರಿ, ಅಕ್ಕಿ ತೊಳೆದ ನೀರು ಎಲ್ಲ ಸೇರಿದರೆ ದಿನಕ್ಕೆ ನೂರು ಲೀಟರಿಗೆ ಕೊರತೆಯಿಲ್ಲ. ಹಾಗಾದರೆ ಬೇಸಿಗೆಯಲ್ಲೂ ನಾಲ್ಕೈದು ಪಾತಿ ನಡೆಸಬಹುದು. ಹತ್ತು ಪಾತಿ ಮಾಡಿದರೆ ಹತ್ತೂ ಒಣಗುತ್ತವೆ. ತಲಪರಿಗೆಯ ಲೆಕ್ಕ ಇದೇ ಅಲ್ಲವೇ?

ಸೋಪಿನ ನೀರಿನ ಬಗ್ಗೆ ಎಚ್ಚರಿಕೆ ಇರಲಿ. ಬಟ್ಟೆ ಒಗೆದ ಪುಡಿಯ ನೀರು ಬೇಡವೇ ಬೇಡ. ಸ್ನಾನದ ನೀರನ್ನು ಮೊದಲು ಜಲ್ಲಿ, ಮರಳು ತುಂಬಿದ ಸಣ್ಣ ಗುಂಡಿಯ ಮೂಲಕ ಹರಿಸಿ, ಅದರ ಅಂಚಿನಲ್ಲಿ ಬಾಳೆ, ಕೆಸುವು ನೆಟ್ಟರೆ ಹಳೆಯ ಬಚ್ಚಲ ಮೋರಿಯೇ ಮತ್ತೆ ಬಂದಂತೆ. ಈ ನೀರು ಚಪ್ಪರದ ಬಳ್ಳಿಗೆ, ನುಗ್ಗೆಗೆ, ಬದನೆಯ ಬುಡಕ್ಕೆ ಸರಿ. ಹಸಿಯಾಗಿ ತಿನ್ನುವ ಕೊತ್ತಂಬರಿ, ಮೂಲಂಗಿ, ಸೌತೆಗಳಿಗೆ ಅಕ್ಕಿ, ಬೇಳೆ, ಸೊಪ್ಪು ತೊಳೆದ ನೀರು ಇರಲಿ.

ಇನ್ನು ಚಾವಣಿ. 50 ಚದರ ಮೀಟರಿನ ಚಾವಣಿಯ ಮೇಲೆ 600 ಮಿಲಿಮೀಟರ್ ಮಳೆ ಬಿದ್ದರೆ 30 ಸಾವಿರ ಲೀಟರ್. ಐದರಲ್ಲಿ ಒಂದು ಪಾಲು ಸೋರಿ, ಚೆಲ್ಲಿ ಹೋದರೂ 24 ಸಾವಿರ ಉಳಿಯುತ್ತದೆ. ದಿನಕ್ಕೆ ನೂರು ಲೀಟರಿನಂತೆ ಎಂಟು ತಿಂಗಳ ತೋಟದ ನೀರು! ಅಷ್ಟನ್ನೂ ಹಿಡಿದಿಡುವ ತೊಟ್ಟಿ ಎಲ್ಲರಿಗೂ ಸಾಧ್ಯವಿಲ್ಲ ನಿಜ. ಎರಡು ಸಾವಿರ ಲೀಟರಿನ ತೊಟ್ಟಿಯಾದರೂ ಮಳೆಗಾಲದಲ್ಲಿ ಮತ್ತೆ ಮತ್ತೆ ತುಂಬಿ, ಎರಡು ಮಳೆಗಳ ನಡುವೆ ಬೀಳುವ ಇಪ್ಪತ್ತು ದಿನದ ಒಣಹವೆಯಿಂದ ಪೈರನ್ನು ಪಾರುಮಾಡುತ್ತದೆ.

ನೆಲ, ನೆರಳು, ನಕ್ಷೆ

ಅರ್ಧ ಗುಂಟೆ, ಅಂದರೆ ಸುಮಾರು 540 ಚದರ ಅಡಿ ಜಾಗವಿದ್ದರೆ ಧಾರಾಳವಾಯಿತು. ಐದು ಪಾತಿಗಳಿಗೆ 200 ಚದರ ಅಡಿ, ಓಡಾಡಲು ಒಂದೂವರೆ ಅಡಿ ದಾರಿಗಳು, ಮೂಲೆಯಲ್ಲಿ ಗೊಬ್ಬರದ ಗುಂಡಿ, ಉಳಿದದ್ದು ಬಹುವಾರ್ಷಿಕ ಗಿಡಗಳಿಗೆ.

ನುಗ್ಗೆ, ಪರಂಗಿ, ಕರಿಬೇವು, ನಿಂಬೆ, ಚೊಗಚೆ ಇವುಗಳನ್ನು ಜಾಗದ ಉತ್ತರದ ಅಂಚಿಗೆ ನೆಡಬೇಕು. ನಮ್ಮ ಕಡೆ ವರ್ಷದ ಹೆಚ್ಚು ಕಾಲ ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ ನೆರಳು ಉತ್ತರಕ್ಕೆ ಬೀಳುತ್ತದೆ. ಅದೇ ಮರಗಳು ದಕ್ಷಿಣದಲ್ಲಿದ್ದರೆ ಚಳಿಗಾಲವೆಲ್ಲ ಪಾತಿಗಳ ಮೇಲೆ ನೆರಳು. ಪಶ್ಚಿಮದ ಬದಿಗೆ ಹೀರೆ ಅಥವಾ ತೊಂಡೆಯ ಚಪ್ಪರ ಹಾಕಿದರೆ ಏಪ್ರಿಲ್ ತಿಂಗಳ ಸಂಜೆ ಬಿಸಿಲಿನಿಂದ ಸೊಪ್ಪಿನ ಪಾತಿಗೆ ರಕ್ಷಣೆ ಸಿಗುತ್ತದೆ.

ಪಾತಿಯ ಆಕಾರದಲ್ಲೂ ಒಂದು ವಿವೇಕವಿದೆ. ಮಲೆನಾಡಿನಲ್ಲಿ, ಕರಾವಳಿಯಲ್ಲಿ ನೀರು ನಿಲ್ಲದಿರಲೆಂದು ಏರುಮಡಿ ಮಾಡುತ್ತಾರೆ. ಪುಸ್ತಕಗಳಲ್ಲಿ ಬರುವ ಚಿತ್ರಗಳೂ ಹೆಚ್ಚಾಗಿ ಅವೇ. ಅದನ್ನು ನೋಡಿ ಇಲ್ಲಿಯೂ ಏರುಮಡಿ ಮಾಡಿದರೆ ನಾಲ್ಕೂ ಬದಿಯಿಂದ ಗಾಳಿ ಬಿಸಿಲು ತಗುಲಿ ಮಣ್ಣು ಬೇಗ ಒಣಗುತ್ತದೆ. ಬಯಲುಸೀಮೆಗೆ ತಗ್ಗುಪಾತಿಯೇ ಸರಿ. ಮಣ್ಣನ್ನು ಒಂದಡಿ ಅಗೆದು ಕಲ್ಲು ಆರಿಸಿ, ಎರಡು ಮಂಕರಿ ಕಳಿತ ತಿಪ್ಪೆಗೊಬ್ಬರ, ಒಂದು ಬೊಗಸೆ ಹೊಂಗೆ ಅಥವಾ ಬೇವಿನ ಹಿಂಡಿ ಬೆರೆಸಿ, ಪಾತಿ ಸುತ್ತಲಿನ ನೆಲಕ್ಕಿಂತ ನಾಲ್ಕು ಬೆರಳು ತಗ್ಗಾಗಿರುವಂತೆ ಬದು ಕಟ್ಟಬೇಕು. ಮಳೆಗಾಲದ ಕೊನೆಯಲ್ಲಿ ಜಡಿಮಳೆ ಹಿಡಿದರೆ ಬದುವಿನ ಒಂದು ಮೂಲೆ ಒಡೆದರಾಯಿತು. ಮೇಲೆ ಒಣ ಎಲೆ, ಕಡಲೆಕಾಯಿ ಸಿಪ್ಪೆ, ರಾಗಿ ಹುಲ್ಲಿನ ಚೂರು ಹೊದಿಸಿದರೆ ನೀರೂ ಉಳಿಯುತ್ತದೆ, ಕಳೆಯೂ ಕಡಿಮೆ. ಕಡಲೆಕಾಯಿ ಸೀಮೆಯಲ್ಲಿ ಸಿಪ್ಪೆಗೇನು ಬರವೇ?

ಯಾವ ಮಳೆಗೆ ಯಾವ ಬೀಜ

ನಮ್ಮ ರೈತರ ಪಂಚಾಂಗ ತಿಂಗಳುಗಳದ್ದಲ್ಲ, ಮಳೆ ನಕ್ಷತ್ರಗಳದ್ದು. ಹಿತ್ತಲಿಗೂ ಅದೇ ಅನುಕೂಲ.

ಜೂನ್ 8ರ ಸುಮಾರಿಗೆ ಹುಟ್ಟುವ ಮೃಗಶಿರಾ ಮಳೆಗೆ ಬೇಲಿ ಮತ್ತು ಚಪ್ಪರದ ಬಳ್ಳಿಗಳು: ಹೀರೆ, ಪಡವಲ, ಹಾಗಲ, ಸೋರೆ, ಕುಂಬಳ. ಜೊತೆಗೆ ಬೆಂಡೆ, ಅಲಸಂದೆ. ಅದೇ ಹೊತ್ತಿಗೆ ಬದನೆ, ಟೊಮ್ಯಾಟೊ, ಮೆಣಸಿನಕಾಯಿ ಬೀಜವನ್ನು ಒಟ್ಲುಪಾತಿಯಲ್ಲಿ ಚೆಲ್ಲಿದರೆ ನಾಲ್ಕೈದು ವಾರಗಳಲ್ಲಿ, ಪುಷ್ಯದ ಹೊತ್ತಿಗೆ, ಸಸಿ ನಾಟಿಗೆ ಸಿದ್ಧ.

ಅವರೆಗೆ ಅವಸರ ಬೇಡ. ನಾಟಿ ಅವರೆ ಹಗಲಿನ ಉದ್ದವನ್ನು ಅಳೆಯುವ ಗಿಡ. ಜೂನ್‌ನಲ್ಲಿ ಬಿತ್ತಿದರೂ ಆಗಸ್ಟ್‌ನಲ್ಲಿ ಬಿತ್ತಿದರೂ ಹಗಲು ಕುಗ್ಗುವ ತನಕ ಹೂ ಬಿಡುವುದಿಲ್ಲ. ಬೇಗ ಬಿತ್ತಿದ್ದು ಬರೀ ಬಳ್ಳಿಯಾಗಿ ಹಬ್ಬುತ್ತದೆ ಅಷ್ಟೆ. ರಾಗಿಯ ಹೊಲದಲ್ಲಿ ಅಕ್ಕಡಿ ಸಾಲಾಗಿ ಬೆಳೆದ ಅವರೆ ಧನುರ್ಮಾಸದ ಚಳಿಯಲ್ಲಿ ಸೊಗಡು ತುಂಬಿಕೊಂಡು ಬರುವುದು, ಹಿತಕಿದ ಬೇಳೆ ಸಾರಿಗೆ ಒಂದು ಕಾಲವೆಂಬುದಿರುವುದು ಇದೇ ಕಾರಣಕ್ಕೆ. ಹಗಲಿನ ಹಂಗಿಲ್ಲದೆ ವರ್ಷದ ಯಾವ ಕಾಲದಲ್ಲೂ ಕಾಯಿ ಬಿಡುವ ಎಚ್‌ಎ-3, ಎಚ್‌ಎ-4 ತಳಿಗಳನ್ನು ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಬಿಡುಗಡೆ ಮಾಡಿದ ಮೇಲೆ ಬೇಸಿಗೆಯಲ್ಲೂ ಅವರೆ ಕಾಣುತ್ತಿದೆ. ಸೊಗಡಿನ ವಿಷಯ ತಿಂದವರೇ ಹೇಳಬೇಕು.

ಉತ್ತರೆ, ಹಸ್ತ, ಚಿತ್ತೆ ಎಂದರೆ ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್ ಕೊನೆಯವರೆಗೆ. ಈ ಸೀಮೆಯ ನಿಜವಾದ ಮಳೆಗಾಲ ಇದು. ಮೂಲಂಗಿ, ಬೀಟ್‌ರೂಟ್, ಕ್ಯಾರೆಟ್, ನವಿಲುಕೋಸು, ಹುರುಳಿಕಾಯಿ, ಕೊತ್ತಂಬರಿ, ಮೆಂತ್ಯ ಎಲ್ಲಕ್ಕೂ ಸಕಾಲ. ಹೊಸದಾಗಿ ತೋಟ ಮಾಡುವವರು ಈ ಮಳೆಯಲ್ಲೇ ಶುರು ಮಾಡುವುದು ಜಾಣತನ. ನೆಲ ಹಸಿಯಾಗಿರುತ್ತದೆ, ಮುಂದೆ ತಂಪು ದಿನಗಳಿರುತ್ತವೆ, ತಪ್ಪಿದರೂ ತಿದ್ದಿಕೊಳ್ಳಲು ಸಮಯವಿರುತ್ತದೆ. ಫೆಬ್ರುವರಿಯ ನಂತರ ಪಾತಿಗಳನ್ನು ಕಡಿಮೆ ಮಾಡಿ ಕೀರೆ, ದಂಟು, ಬಸಳೆ, ಸೌತೆಗಳಿಗಷ್ಟೇ ನೀರು ಹಂಚಬೇಕು.

ಹೊಸಬರು ಸಾಮಾನ್ಯವಾಗಿ ಎಡವುವುದು ಒಂದೇ ದಿನ ಎಲ್ಲ ಬೀಜವನ್ನೂ ಬಿತ್ತುವುದರಲ್ಲಿ. ಆಗ ಒಂದು ವಾರ ಮೂಲಂಗಿಯ ಹಬ್ಬ, ಆಮೇಲೆ ಮೂರು ತಿಂಗಳು ಉಪವಾಸ. ಮೆಂತ್ಯ, ಕೀರೆ ಇಪ್ಪತ್ತೈದು ಮೂವತ್ತು ದಿನಕ್ಕೆ, ಮೂಲಂಗಿ ನಲವತ್ತೈದು ದಿನದೊಳಗೆ, ಬೆಂಡೆ ಮತ್ತು ಹುರುಳಿಕಾಯಿ ಐವತ್ತು ದಿನದ ಆಸುಪಾಸಿನಲ್ಲಿ ಕೈಗೆ ಬರುತ್ತವೆ. ಸೊಪ್ಪಿನ ಪಾತಿಯನ್ನು ಮೂರು ಭಾಗ ಮಾಡಿ ಹತ್ತು ಹನ್ನೆರಡು ದಿನಕ್ಕೊಮ್ಮೆ ಒಂದೊಂದರಲ್ಲಿ ಬಿತ್ತುತ್ತ ಹೋದರೆ ಬಸ್ಸಾರಿಗೆ ಬಿಡುವಿರುವುದಿಲ್ಲ. ಇನ್ನೊಂದು ನಿಯಮ: ಬದನೆ, ಟೊಮ್ಯಾಟೊ, ಮೆಣಸಿನಕಾಯಿ ಮೂರೂ ಒಂದೇ ಕುಲದವು. ಒಂದರ ರೋಗ ಇನ್ನೊಂದಕ್ಕೆ ಬರುತ್ತದೆ. ಒಂದು ಬೆಳೆ ಮುಗಿದ ಪಾತಿಗೆ ಮತ್ತೆ ಅದೇ ಕುಲದ ಗಿಡ ಬೇಡ. ಅಲಸಂದೆಯನ್ನೋ ಅವರೆಯನ್ನೋ ಹಾಕಿದರೆ ನೆಲಕ್ಕೆ ಸಾರಜನಕವೂ ಸೇರುತ್ತದೆ.

ಹುಳುವಿಗೂ ಪಾಲು, ಆದರೆ ಮಿತಿಯಲ್ಲಿ

ಹಿತ್ತಲ ತರಕಾರಿಗೆ ವಿಷ ಹೊಡೆಯುವುದಾದರೆ ಬೆಳೆಯುವುದೇಕೆ? ಅರ್ಧ ಕೆ.ಜಿ. ಬೇವಿನ ಬೀಜದ ತಿರುಳನ್ನು ಕುಟ್ಟಿ ಬಟ್ಟೆಯಲ್ಲಿ ಕಟ್ಟಿ ರಾತ್ರಿಯಿಡೀ ನೆನೆಸಿ, ಬೆಳಿಗ್ಗೆ ಹಿಂಡಿ ಸೋಸಿ, ಹತ್ತು ಲೀಟರ್ ಮಾಡಿ, ಸ್ವಲ್ಪ ಸೋಪು ಬೆರೆಸಿದರೆ ಶೇಕಡ 5ರ ಬೇವಿನ ಕಷಾಯ ಸಿದ್ಧ. ಸಂಜೆ ಸಿಂಪಡಿಸಿದರೆ ಒಳ್ಳೆಯದು. ಬದನೆಯ ತುದಿ ಬಾಡಿದರೆ ಒಳಗೆ ಹುಳು ಇದೆ ಎಂದರ್ಥ. ಆ ಕುಡಿಯನ್ನು ಅಂದೇ ಚಿವುಟಿ ನಾಶಮಾಡಬೇಕು. ಟೊಮ್ಯಾಟೊ ಕಾಯಿಕೊರಕಕ್ಕೆ ಚೆಂಡುಹೂವನ್ನು ಬಲೆಯಾಗಿ ಬೆಳೆಸುವ ಕ್ರಮವನ್ನು ಹೆಸರಘಟ್ಟದ ಸಂಸ್ಥೆ ಹೊಲಗಳಿಗೆ ಶಿಫಾರಸು ಮಾಡಿದೆ. ಹದಿನಾರು ಸಾಲು ಟೊಮ್ಯಾಟೊಗೆ ಒಂದು ಸಾಲು ಚೆಂಡುಹೂ. ಹಿತ್ತಲಲ್ಲಿ ಪಾತಿಯ ಅಂಚಿಗೆ ನಾಲ್ಕು ಗಿಡ ಸಾಕು. ಹಬ್ಬಕ್ಕೆ ಹೂವೂ ಆಯಿತು.

ಕುಂಬಳ, ಹೀರೆಯ ಮೊದಲ ಹೂಗಳು ಉದುರಿದವೆಂದು ಗಾಬರಿಯಾಗುವವರುಂಟು. ಈ ಬಳ್ಳಿಗಳಲ್ಲಿ ಗಂಡು ಹೂ, ಹೆಣ್ಣು ಹೂ ಬೇರೆ ಬೇರೆ. ಮೊದಲು ಬರುವುದು ಹೆಚ್ಚಾಗಿ ಗಂಡು ಹೂಗಳು. ಅವು ಉದುರಲೇಬೇಕು. ಹೂವಿನ ಕೆಳಗೆ ಪುಟ್ಟ ಕಾಯಿಯ ಆಕಾರವಿರುವುದು ಹೆಣ್ಣು ಹೂ. ಅದೂ ಉದುರುತ್ತಿದ್ದರೆ ಜೇನಿನ ಓಡಾಟ ಕಡಿಮೆ ಎಂದು ತಿಳಿಯಬೇಕು. ಕುಂಬಳವಾದರೆ ಬೆಳಿಗ್ಗೆ ಬೇಗ ಗಂಡು ಹೂ ಕಿತ್ತು ಅದರ ಪರಾಗವನ್ನು ಹೆಣ್ಣು ಹೂವಿಗೆ ಮುಟ್ಟಿಸಿದರೆ ಕಾಯಿ ನಿಲ್ಲುತ್ತದೆ.

ಬೀಜ ಯಾರ ಕೈಯಲ್ಲಿ?

ಹಿತ್ತಲಿನ ಜೊತೆ ಹೋದ ದೊಡ್ಡ ಆಸ್ತಿ ಬೀಜ. ಒಣಗಿದ ಸೋರೆ ಬುರುಡೆಯಲ್ಲಿ ಬೀಜ ತುಂಬಿ ಬಾಯಿ ಮುಚ್ಚಿಡುವುದು, ಕುಂಬಳದ ಬೀಜವನ್ನು ಸಗಣಿಯಲ್ಲಿ ಕಲಸಿ ಗೋಡೆಗೆ ತಟ್ಟುವುದು, ಬದನೆಯ ಬೀಜವನ್ನು ಬೂದಿಯಲ್ಲಿ ಉಜ್ಜಿ ಒಣಗಿಸುವುದು, ಹೀರೆಯ ಒಣಕಾಯಿಯನ್ನು ಸೂರಿಗೆ ನೇತುಹಾಕುವುದು ಇವೆಲ್ಲ ಹೆಂಗಸರ ವಿದ್ಯೆಗಳು. ತವರಿನಿಂದ ಬಂದ ಬೀಜ, ನೆರೆಮನೆಯೊಂದಿಗೆ ಬದಲಾಯಿಸಿಕೊಂಡ ಬೀಜ ಎಂದು ಪ್ರತಿ ಬಳ್ಳಿಗೂ ಒಂದು ವಂಶಾವಳಿ ಇರುತ್ತಿತ್ತು.

ಅಂಗಡಿಯ ಪೊಟ್ಟಣದ ಬೀಜದಲ್ಲಿ ಎರಡು ಬಗೆ. ಸಂಕರಣ ತಳಿಯ ಬೀಜ ಒಂದೇ ಬೆಳೆಗೆ. ಅದರ ಕಾಯಿಯಿಂದ ಬೀಜ ತೆಗೆದು ಬಿತ್ತಿದರೆ ತಾಯಿಯ ಗುಣ ಒಂದೇ ಸಮನಾಗಿ ಬಾರದು. ಟೊಮ್ಯಾಟೊದ ಅರ್ಕಾ ರಕ್ಷಕ್ ಇಂಥದು. ಬೆಂಡೆಯ ಅರ್ಕಾ ಅನಾಮಿಕದಂಥ ಸಾಮಾನ್ಯ ತಳಿಗಳ ಬೀಜವನ್ನು ನಾವೇ ಇಟ್ಟುಕೊಳ್ಳಬಹುದು. ಕೊಳ್ಳುವಾಗ ಕೇಳಬೇಕಾದ ಪ್ರಶ್ನೆ ಇದೊಂದೇ. ಅವರೆ, ಅಲಸಂದೆ, ಟೊಮ್ಯಾಟೊ ಹೆಚ್ಚಾಗಿ ತಮ್ಮಲ್ಲೇ ಪರಾಗಸ್ಪರ್ಶ ಮಾಡಿಕೊಳ್ಳುವುದರಿಂದ ಬೀಜ ಉಳಿಸಲು ಸುಲಭ. ಕುಂಬಳ, ಹೀರೆಗಳು ಜೇನಿನಿಂದ ಪಕ್ಕದ ಹಿತ್ತಲಿನ ತಳಿಯೊಂದಿಗೆ ಬೆರೆಯುತ್ತವೆ. ತಳಿ ಬೆರೆಯಬಾರದೆಂದರೆ ಹೂ ಅರಳುವ ಮುನ್ನವೇ ಬಟ್ಟೆ ಕಟ್ಟಿ ಕೈಯಿಂದ ಪರಾಗ ಮುಟ್ಟಿಸಬೇಕು.

ತಟ್ಟೆಯಲ್ಲಿರುವ ಪ್ರಶ್ನೆ

ಇಷ್ಟೆಲ್ಲ ಶ್ರಮವೇಕೆ, ಇಪ್ಪತ್ತು ರೂಪಾಯಿ ಕೊಟ್ಟರೆ ಸೊಪ್ಪು ಮನೆಬಾಗಿಲಿಗೆ ಬರುತ್ತದಲ್ಲ ಎನ್ನಬಹುದು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯ ಪ್ರಕಾರ ಸೊಪ್ಪೂ ಸೇರಿದಂತೆ ಒಬ್ಬರಿಗೆ ದಿನಕ್ಕೆ 400 ಗ್ರಾಂ ತರಕಾರಿ ಬೇಕು. ನಾಲ್ಕು ಜನಕ್ಕೆ ಒಂದು ಕೆ.ಜಿ. 600 ಗ್ರಾಂ. ಕೂಲಿಯ ಮನೆಯಲ್ಲಿ ಬೆಲೆ ಏರಿದ ದಿನ ಮೊದಲು ಬಿಟ್ಟುಹೋಗುವುದು ಇದೇ. ಮುದ್ದೆಗೆ ಸೊಪ್ಪಿನ ಸಾರಿನ ಬದಲು ಬರೀ ಉಪ್ಪು ಮೆಣಸಿನಕಾಯಿಯ ಗೊಜ್ಜು ಬರುತ್ತದೆ.

ಈ ಸೀಮೆಗೆ ಇನ್ನೊಂದು ಕಾರಣವೂ ಇದೆ. ಪಾವಗಡ, ಶಿರಾ, ಮಧುಗಿರಿ ಭಾಗಗಳ ಅಂತರ್ಜಲದಲ್ಲಿ ಫ್ಲೋರೈಡ್ ಅಂಶ ಹೆಚ್ಚು. ಕುಡಿಯುವ ನೀರಿನಲ್ಲಿ ಇದು ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು. ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲು ಕಂದುಗಟ್ಟುತ್ತದೆ, ಮುಂದೆ ಮೂಳೆ ಕೀಲುಗಳು ಬಿಗಿಯುತ್ತವೆ. ಇದಕ್ಕೆ ಮೊದಲ ಪರಿಹಾರ ಶುದ್ಧ ನೀರು, ಅದರಲ್ಲಿ ಎರಡು ಮಾತಿಲ್ಲ. ಜೊತೆಗೆ ಸುಣ್ಣದಂಶ ಮತ್ತು ಸಿ ಜೀವಸತ್ವ ಇರುವ ಆಹಾರ ಹೆಚ್ಚಿಸಬೇಕೆಂದು ವೈದ್ಯರು ಹೇಳುತ್ತಾರೆ. ಇವೆರಡೂ ಸಿಗುವುದು ಎಲ್ಲಿ? ನುಗ್ಗೆಸೊಪ್ಪು, ದಂಟು, ಚೊಗಚೆ, ನಿಂಬೆ, ಸೀಬೆ, ನೆಲ್ಲಿ. ಒಂದು ಕಾಲಕ್ಕೆ ದುಡ್ಡು ಕೊಡದೆ ಬೇಲಿಯಲ್ಲಿ ಸಿಗುತ್ತಿದ್ದವುಗಳು. ಹಿತ್ತಲ ಗಿಡ ರೋಗ ವಾಸಿಮಾಡುತ್ತದೆ ಎಂದಲ್ಲ. ಆದರೆ ಮೈಗೆ ಬೇಕಾದ ಬಲ ಕೊಡುವುದರಲ್ಲಿ ಅದು ಮದ್ದಿಗೆ ಕಡಿಮೆಯೇನಲ್ಲ.

ಹಾಗೆಂದು ಮನೆಗೆ ಬೇಕಾದ ತರಕಾರಿಯನ್ನೆಲ್ಲ ಬೆಳೆದೇ ತೀರುತ್ತೇನೆಂದು ಹೊರಡುವುದು ಬೇಡ. ಈರುಳ್ಳಿ, ಆಲೂಗಡ್ಡೆ, ಎಲೆಕೋಸು ಸಂತೆಯಿಂದ ಬರಲಿ, ಅವು ಹೆಚ್ಚು ಜಾಗ ಕೇಳುತ್ತವೆ. ದಿನವೂ ಬೇಕಾಗುವ, ಕಿತ್ತ ಕೂಡಲೇ ಬಾಡುವ, ಸ್ವಲ್ಪವೇ ಸಾಕಾಗುವ ಸೊಪ್ಪು, ಕೊತ್ತಂಬರಿ, ಕರಿಬೇವು, ಹಸಿಮೆಣಸಿನಕಾಯಿ, ನಾಲ್ಕು ಬದನೆ, ಒಂದು ಚಪ್ಪರ ಹೀರೆ, ಒಂದು ನುಗ್ಗೆ ಇವಿಷ್ಟಕ್ಕೆ ಹಿತ್ತಲು ಸಾಲುತ್ತದೆ. ಜಾಗವೇ ಇಲ್ಲದವರು ಒಂದು ನುಗ್ಗೆ, ಒಂದು ಕರಿಬೇವು ನೆಟ್ಟರೂ ಆಯಿತು. ಎರಡೂ ಬಚ್ಚಲ ನೀರಿನಲ್ಲೇ ಬೆಳೆಯುತ್ತವೆ, ಬೇರೂರಿದ ಮೇಲೆ ಬರವನ್ನೂ ತಡೆದುಕೊಳ್ಳುತ್ತವೆ.

ಬೀದಿಯ ಚರಂಡಿಗೆ ಹರಿದುಹೋಗುತ್ತಿರುವ ನಮ್ಮ ಮನೆಯ ನೂರು ಲೀಟರ್ ನೀರನ್ನು ನಾಳೆ ಬೆಳಿಗ್ಗೆ ಹಿತ್ತಲ ಕಡೆಗೆ ತಿರುಗಿಸಲು ಬೇಕಾಗುವುದು ಒಂದು ಗುದ್ದಲಿ, ಹತ್ತಡಿ ಪೈಪು. ಕೆರೆ ತುಂಬಲು, ನಾಲೆ ಬರಲು, ಕೊಳವೆಬಾವಿಯಲ್ಲಿ ಮತ್ತೆ ನೀರೇಳಲು ನಾವು ಇನ್ನೊಬ್ಬರ ಕಡೆ ನೋಡಬೇಕು. ಈ ಒಂದು ಕೆಲಸಕ್ಕೆ ಯಾರನ್ನೂ ಕೇಳಬೇಕಾಗಿಲ್ಲ.